ಸೆರಾಮಿಕ್ ಇದ್ದಿಲು ಗ್ರಿಲ್‌ಗೆ ಕಲ್ಲಿನ ಕಟ್ಟೆ: ಮಳೆಗಾಲ ಕಳೆದ ಮೇಲೆ ಒಂದು ರಿವ್ಯೂ

ಕಮಾಡೋ ಗ್ರಿಲ್ ಬಗ್ಗೆ ರಿವ್ಯೂ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಮಾಂಸ ಎಷ್ಟು ಮೆತ್ತಗೆ ಬೇಯುತ್ತೆ, ಹೊಗೆ ಎಷ್ಟು ಚೆನ್ನಾಗಿ ಹಿಡಿಯುತ್ತೆ, ಎಲ್ಲ ಬರೆದಿರುತ್ತಾರೆ. ಅದನ್ನು ಯಾವುದರ ಮೇಲೆ ಇಡಬೇಕು ಅನ್ನುವುದಕ್ಕೆ ಎರಡು ಸಾಲೂ ಇರುವುದಿಲ್ಲ. ಅದಕ್ಕೇ ನಾನು ಗ್ರಿಲ್ ಬಗ್ಗೆ ಅಲ್ಲ, ಅದಕ್ಕೆ ಕಟ್ಟೆ ಕಟ್ಟಿಕೊಟ್ಟ ಗಾರೆ ಮೇಸ್ತ್ರಿ ಮತ್ತು ಮೇಲಿನ ಶೀಟ್ ಹಾಕಿಕೊಟ್ಟ ವೆಲ್ಡಿಂಗ್ ಶಾಪ್ ಬಗ್ಗೆ ಬರೆಯುತ್ತಿದ್ದೇನೆ. ನಮ್ಮದು ನಾಪೋಕ್ಲು ಕಡೆ ತೋಟದೊಳಗಿನ ಸಣ್ಣ ಹೋಂಸ್ಟೇ. ಕಟ್ಟಿದ ತಕ್ಷಣ ಬರೆಯಲಿಲ್ಲ, ಬೇಕಂತಲೇ ಕಾದೆ. ಕೊಡಗಿನಲ್ಲಿ ಹೊರಗೆ ಕಟ್ಟಿದ್ದು ಏನೇ ಇರಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ನೋಡದೆ ಚೆನ್ನಾಗಿದೆ ಅನ್ನೋಕಾಗಲ್ಲ ಅಲ್ವಾ.

ಗೊತ್ತಿಲ್ಲದವರಿಗೆ ಒಂದು ಮಾತು. ಕಮಾಡೋ ಅಂದರೆ ದಪ್ಪ ಸೆರಾಮಿಕ್ ಗೋಡೆಯ, ಮೊಟ್ಟೆ ಆಕಾರದ ಇದ್ದಿಲು ಒಲೆ. ಕೆಳಗೊಂದು ಗಾಳಿ ಕಿಂಡಿ, ಮೇಲೆ ಮುಚ್ಚಳದಲ್ಲೊಂದು. ಎರಡನ್ನೂ ಕಿರಿದು ಮಾಡಿದರೆ 110 ಡಿಗ್ರಿಯಲ್ಲಿ ರಾತ್ರಿಯಿಡೀ ನಿಲ್ಲುತ್ತದೆ. ಪೂರ್ತಿ ತೆರೆದರೆ 350 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತೂಕವೂ ಕಡಿಮೆಯಲ್ಲ. ಈ ಜಾತಿಯಲ್ಲಿ ಹೆಸರಾದ ಬಿಗ್ ಗ್ರೀನ್ ಎಗ್‌ನ ಲಾರ್ಜ್ ಗಾತ್ರದ್ದು 70 ಕೆಜಿಗೂ ಜಾಸ್ತಿ ಇದೆ. ನಮ್ಮದು ಬೇರೆ ಕಂಪನಿಯದು, ಗಾತ್ರ ಹೆಚ್ಚುಕಡಿಮೆ ಅಷ್ಟೇ. ಇಷ್ಟು ಭಾರ, ಇಷ್ಟು ಬಿಸಿ, ಗಂಟೆಗಟ್ಟಲೆ ಒಂದೇ ಜಾಗದಲ್ಲಿ. ಅದರ ಕೆಳಗೆ ಏನಿದೆ ಅನ್ನುವುದು ಸಣ್ಣ ವಿಷಯ ಅಲ್ಲ.

ಮಾರಿದ ಅಂಗಡಿಯವರು ಮಾತ್ರ ಅದನ್ನು ಸಣ್ಣ ವಿಷಯ ಅಂತಲೇ ಹೇಳಿದರು. "ನಿಮ್ಮ ಮರದ ಡೆಕ್ ಮೇಲೇ ಇಡಿ ಮೇಡಂ, ವ್ಯೂ ಚೆನ್ನಾಗಿರುತ್ತೆ" ಅಂದರು. ನನಗೆ ಇದು ನಿಜಕ್ಕೂ ಸಿಟ್ಟು ತರಿಸಿದ ಮಾತು. ಮರದ ಮೇಲೆ ನೇರವಾಗಿ ಇಡಬಾರದು ಅಂತ ಇಂಥ ಗ್ರಿಲ್‌ಗಳ ಕೈಪಿಡಿಯಲ್ಲೇ ಬರೆದಿರುತ್ತದೆ. ಮರಕ್ಕೆ ಒಂದೇ ದಿನಕ್ಕೆ ಬೆಂಕಿ ಹತ್ತದೇ ಇರಬಹುದು. ಆದರೆ ಮತ್ತೆ ಮತ್ತೆ ಬಿಸಿ ತಾಗುತ್ತಾ ಹೋದರೆ ಹಲಗೆ ಒಳಗೊಳಗೇ ಒಣಗಿ ಕಪ್ಪಾಗುತ್ತದೆ, ಆಮೇಲೆ ಮೊದಲಿಗಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಇನ್ನು ಕೆಳಗಿನ ಕಿಂಡಿಯಿಂದ ಬೂದಿ ಎಳೆಯುವಾಗ ಒಂದೆರಡು ಕೆಂಡ ಹೊರಗೆ ಬೀಳುವುದು ಮಾಮೂಲು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರುವ ಮೊದಲು ತೋಟ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸಿಲ್ವರ್ ಓಕ್ ಎಲೆ ಕಾಲಿಟ್ಟಲ್ಲೆಲ್ಲ ಪರಪರ ಅನ್ನುತ್ತದೆ.

ಚಕ್ರದ ಸ್ಟ್ಯಾಂಡ್ ಕೂಡ ಅವರೇ ತೋರಿಸಿದ್ದರು. ಚಪ್ಪಟೆ ಸಿಮೆಂಟ್ ನೆಲ ಇದ್ದವರಿಗೆ ಅದು ಒಳ್ಳೆಯದೇ, ಚಕ್ರಕ್ಕೆ ಲಾಕ್ ಇರಬೇಕು ಅಷ್ಟೇ. ನಮ್ಮ ಅಂಗಳ ಇಳಿಜಾರು, ಇಂಟರ್‌ಲಾಕ್ ಇಟ್ಟಿಗೆ ಅಲ್ಲಲ್ಲಿ ಎದ್ದಿದೆ. ತಲೆಭಾರದ ಸಾಮಾನು, ಸಣ್ಣ ಚಕ್ರ ಒಂದು ಸಂದಿಗೆ ಸಿಕ್ಕಿದರೆ ಮುಗಿಯಿತು. ಸೆರಾಮಿಕ್ ಬಿದ್ದರೆ ಒಡೆಯುತ್ತೆ, ಒಳಗೆ ಕೆಂಡ ಇದ್ದಾಗ ಬಿದ್ದರೆ ಇನ್ನೂ ಕಷ್ಟ. ಬೇಡ ಅಂದೆ.

ಈಗ ಮೇಸ್ತ್ರಿ ವಿಷಯ. ಪಕ್ಕದ ತೋಟದವರು ಹೇಳಿ ಕಳಿಸಿದವರು, ಕುಶಾಲನಗರ ಕಡೆಯವರು. ಕಮಾಡೋ ಅನ್ನುವುದನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ. ಆದರೆ ಬಂದವರು ಅಳತೆ ಟೇಪ್ ತೆಗೆಯುವ ಮೊದಲು ಒಂದು ಹಾರೆ ಕೇಳಿದರು. ನಾನು ತೋರಿಸಿದ ಜಾಗದಲ್ಲಿ ಕುಕ್ಕಿ ನೋಡಿ, "ಅಕ್ಕ, ಇದು ತುಂಬಿಸಿದ ಮಣ್ಣು, ಮಳೆಗೆ ಕೂತ್ಕೊಳ್ಳುತ್ತೆ. ಒಳಗಡೆಗೆ ಬನ್ನಿ" ಅಂತ ಬರೆಯ ಕಡೆ, ಅಂದರೆ ಗುಡ್ಡ ಕಡಿದ ಬದಿಗೆ, ಏಳೆಂಟು ಅಡಿ ಸರಿಸಿದರು. ಗುಡ್ಡ ಕಡಿದು ಒಂದು ಕಡೆಯ ಮಣ್ಣು ಇನ್ನೊಂದು ಕಡೆ ತುಂಬಿಸಿ ಅಂಗಳ ಮಾಡುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದ ಮೇಲೆ ಆ ತುಂಬಿಸಿದ ಭಾಗದ ಮೇಲೆ ನನಗಂತೂ ಭರವಸೆ ಇಲ್ಲ. ಆ ಒಂದು ಮಾತಿಗೇ ಕೆಲಸ ಅವರಿಗೇ ಕೊಟ್ಟೆ.

ಗಟ್ಟಿ ಮಣ್ಣು ಸಿಗುವವರೆಗೂ ತೆಗೆದು, ಕಲ್ಲು ತುಂಬಿ, ಚೆನ್ನಾಗಿ ದಿಮ್ಮಸು ಹೊಡೆದು, ಮೇಲೆ 4 ಇಂಚು ಕಾಂಕ್ರೀಟ್ ಹಾಕಿದರು. ಅದರ ಮೇಲೆ ಸೈಜ್ ಕಲ್ಲಿನ ಕಟ್ಟೆ. ಎತ್ತರ ಎಷ್ಟು ಅಂತ ನಾನು ಹೇಳಲಿಲ್ಲ. ಅವರೇ ನನ್ನನ್ನು ಗ್ರಿಲ್ ಪಕ್ಕ ನಿಲ್ಲಿಸಿ, ಕೈ ಮಡಚಿ ಇಕ್ಕಳ ಹಿಡಿಯೋಕೆ ಹೇಳಿ, ಜಾಲರಿ ಸೊಂಟದ ಮಟ್ಟಕ್ಕೆ ಬರುವ ಹಾಗೆ ಗುರುತು ಹಾಕಿಕೊಂಡರು. ಮೇಲೆ ಕಡಪ ಕಲ್ಲು ಹಾಸೋಣ, ನೋಡೋಕೆ ಚೆನ್ನಾಗಿರುತ್ತೆ ಅಂತ ನಮ್ಮ ಮನೆಯವರಿಗೆ ಆಸೆ ಇತ್ತು. ಮೇಸ್ತ್ರಿ ಒಪ್ಪಲಿಲ್ಲ. ಅದು ಪದರ ಪದರದ ಕಲ್ಲು, ಬಿಸಿಗೆ ಏಳುತ್ತೆ ಅಂದರು. ಹೊಳೆ ಕಲ್ಲೂ ಬೇಡ, ಒಳಗೆ ನೀರಿನಂಶ ಇದ್ದರೆ ಬೆಂಕಿ ಹತ್ತಿರ ಸಿಡಿಯುತ್ತೆ. ಕೊನೆಗೆ ಮೇಲೆ ಹಾಸಿದ್ದು ಬಿಸಿ ತಡೆಯುವ ಇಟ್ಟಿಗೆ, ಫೈರ್ ಬ್ರಿಕ್. ಅದರ ಮೇಲೆ ಗ್ರಿಲ್ ಜೊತೆ ಬಂದ ಮೂರು ಸೆರಾಮಿಕ್ ಕಾಲು, ಕಾಲಿನ ಮೇಲೆ ಗ್ರಿಲ್. ಆ ಕಾಲುಗಳನ್ನು ದಯವಿಟ್ಟು ಬಿಸಾಕಬೇಡಿ. ಗ್ರಿಲ್ ತಳಕ್ಕೂ ಇಟ್ಟಿಗೆಗೂ ನಡುವೆ ಗಾಳಿ ಆಡುವುದು ಅದರಿಂದಲೇ, ಬಿಸಿ ಕೆಳಗೆ ಇಳಿಯದಂತೆ ತಡೆಯುವುದೂ ಆ ಗಾಳಿಯೇ.

ಇಷ್ಟಾದ ಮೇಲೆ ರಸಮಟ್ಟ ಇಟ್ಟು ನೋಡಿದರು. ಒಂದು ಕಡೆಯಿಂದ ಗುಳ್ಳೆ ನಡುವಿಗೆ ಬಂತು. ಅಡ್ಡ ಇಟ್ಟಾಗ ಗೆರೆಗೆ ಸ್ವಲ್ಪ ತಾಗಿಕೊಂಡು ನಿಂತಿತು. ನಾನು ಸಾಕು ಬಿಡಿ ಅಂದರೂ ಕೇಳದೆ ಎರಡು ಇಟ್ಟಿಗೆ ಎಬ್ಬಿಸಿ, ಗಾರೆ ಕೆರೆದು, ಮತ್ತೆ ಕೂರಿಸಿ, ಹಿಡಿಕೆಯಿಂದ ತಟ್ಟಿ ತಟ್ಟಿ ಸರಿ ಮಾಡಿದರು. ಮುಚ್ಚಳವೇ ಅಷ್ಟು ಭಾರ ಇರುವ ಸಾಮಾನಿಗೆ ಈ ಮಟ್ಟ ಎಷ್ಟು ಮುಖ್ಯ ಅಂತ ದಿನಾ ಅದನ್ನು ಎತ್ತಿ ಇಳಿಸುವವರಿಗೆ ಗೊತ್ತಾಗುತ್ತದೆ.

ಕಿಂಡಿಯ ಎದುರಿಗೆ ಎರಡಡಿ ಅಗಲಕ್ಕೆ ಕಲ್ಲು ಹಾಸಿ ಕೊಟ್ಟಿದ್ದಾರೆ. ಕೆಂಡ ಬಿದ್ದರೆ ಕಲ್ಲಿನ ಮೇಲೇ ಬಿದ್ದು ಅಲ್ಲೇ ಆರುತ್ತದೆ. ಕಾಂಕ್ರೀಟ್ 28 ದಿನ ಆಗುವವರೆಗೆ ಬೆಂಕಿ ಹಾಕಬೇಡಿ ಅಂತಲೂ ಹೇಳಿ ಹೋದರು. ಹಸಿ ಕಾಂಕ್ರೀಟಿಗೆ ಜೋರು ಬಿಸಿ ಕೊಟ್ಟರೆ ಒಳಗಿನ ನೀರು ಆವಿಯಾಗಿ ಮೇಲ್ಪದರ ಕಿತ್ತು ಬರುತ್ತದೆ. ಗ್ರಿಲ್ ಎತ್ತಿಡುವ ದಿನ ಒಳಗಿನ ಬೆಂಕಿಗೂಡು, ರಿಂಗ್, ಜಾಲರಿ ಎಲ್ಲ ಹೊರಗೆ ತೆಗೆದು, ಬರೀ ಚಿಪ್ಪನ್ನು ಇಬ್ಬರು ಎತ್ತಿ ಕೂರಿಸಿದರು. ಒಂದು ಗೀರೂ ಆಗಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಮುಂಚೆ ಮುಗಿಸುತ್ತೇನೆ ಅಂದ ಕೆಲಸ ಕಾಫಿ ಕೊಯ್ಲಿನ ನಡುವಿಗೆ ಬಂತು, ಫೋನ್ ಮಾಡಿದರೆ ಎತ್ತುವುದು ಅಪರೂಪ. ವೆಲ್ಡಿಂಗ್ ಶಾಪ್‌ನವರ ಕೆಲಸ ಸುಮಾರು. ಜಿಐ ಶೀಟ್ ಎತ್ತರಕ್ಕೆ, ನಾಲ್ಕೂ ಕಡೆ ತೆರೆದ ಹಾಗೆ ಹಾಕಿ ಅಂದಿದ್ದೆ, ಹಾಗೇ ಹಾಕಿದ್ದಾರೆ, ಕಂಬವೂ ಗಟ್ಟಿ. ಆದರೆ ಪಕ್ಕದ ಕಬ್ಬಿಣದ ಟೇಬಲ್ ಅಂಚು ಉಜ್ಜದೆ ಬಿಟ್ಟು ಹೋಗಿದ್ದರು, ಕೈ ಕೊಯ್ಯುವಷ್ಟು ಹರಿತ. ಎರಡು ಸಲ ಹೇಳಿದ ಮೇಲೆ ಬಂದು ಗ್ರೈಂಡ್ ಮಾಡಿದರು. ಪ್ಲಾಸ್ಟಿಕ್ ಶೀಟ್ ಅಗ್ಗ ಅಂತ ಅವರು ಹೇಳಿದರೂ ಒಲೆ ಮೇಲೆ ಅದು ಸಲ್ಲದು, ನೀವೂ ಒಪ್ಪಬೇಡಿ.

ಮಳೆಗಾಲದ ಪರೀಕ್ಷೆಯಲ್ಲಿ ಕಟ್ಟೆ ಪಾಸ್. ಒಂದು ಬಿರುಕಿಲ್ಲ, ಒಂದು ಮೂಲೆ ಕೂತಿಲ್ಲ, ಈಗಲೂ ಗುಳ್ಳೆ ನಡುವಿನಲ್ಲೇ ನಿಲ್ಲುತ್ತದೆ. ಗ್ರಿಲ್ ಒಳಗೆ ಮಾತ್ರ ಬೂಷ್ಟು ಬಂದಿತ್ತು, ಅದು ನಮ್ಮ ಹವೆಯ ಗುಣ, ಮೇಸ್ತ್ರಿ ತಪ್ಪಲ್ಲ. ಕಿಂಡಿ ಸ್ವಲ್ಪ ತೆರೆದಿಟ್ಟರೆ ಕಡಿಮೆಯಾಗುತ್ತದೆ. ಬಂದರೆ ಮೊದಲು ಸಣ್ಣ ಬೆಂಕಿ ಹಾಕಿ ಥಂಡಿ ಬಿಡಿಸಿ, ಆಮೇಲೆ ಜೋರು ಮಾಡಿ ಸುಟ್ಟು, ಆರಿದ ಮೇಲೆ ಬ್ರಷ್‌ನಲ್ಲಿ ಉಜ್ಜಿದರೆ ಹೋಗುತ್ತದೆ. ಅದರಲ್ಲಿ ಈಗ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಸವರಿದ ಹಂದಿ ಪಕ್ಕೆ ನಿಧಾನಕ್ಕೆ ಬೇಯುತ್ತಾ ಇರುತ್ತೆ, ಒಣಗಿದ ಕಾಫಿ ಕಟ್ಟಿಗೆಯ ಒಂದೆರಡು ತುಂಡು ಹಾಕಿದರೆ ಘಮ ಅಂಗಳ ದಾಟುತ್ತೆ.

ಎಲ್ಲ ಸೇರಿ ಖರ್ಚು ಗ್ರಿಲ್ ಬೆಲೆಯ ಕಾಲು ಭಾಗವೂ ಆಗಲಿಲ್ಲ. ಮೇಸ್ತ್ರಿಗೆ ಐದಕ್ಕೆ ನಾಲ್ಕೂವರೆ, ವೆಲ್ಡಿಂಗ್‌ನವರಿಗೆ ಮೂರು. ಹೋಂಸ್ಟೇ ನಡೆಸುವವರಿಗೆ ಇನ್ನೊಂದು ಮಾತು: ಮಳೆ ಬಂತು ಅಂತ ಅತಿಥಿಗಳು ಗ್ರಿಲ್ ಅನ್ನು ವರಾಂಡದೊಳಗೆ ತನ್ನಿ ಅಂತ ಕೇಳುತ್ತಾರೆ, ಎಷ್ಟೇ ಕೇಳಿದರೂ ತರಬೇಡಿ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವಕ್ಕೇ ಅಪಾಯ. ಬೂದಿಯನ್ನೂ ಪ್ಲಾಸ್ಟಿಕ್ ಬಕೆಟ್‌ಗಾಗಲಿ ಕಾಫಿ ಗಿಡದ ಬುಡಕ್ಕಾಗಲಿ ಬಿಸಿಯಾಗಿದ್ದಾಗಲೇ ಸುರಿಯಬೇಡಿ. ಮುಚ್ಚಳ ಇರುವ ತಗಡಿನ ಡಬ್ಬದಲ್ಲಿ ಹಾಕಿ, ಮಾರನೇ ದಿನ ಮುಟ್ಟಿ ತಣ್ಣಗಿದ್ದರೆ ಮಾತ್ರ ತೋಟಕ್ಕೆ ಕೊಡಿ.