ಟಿಪ್ಪುವಿನ ಆನೆ, ಮೈಸೂರಿನ ಸಿಂಹ, ಮತ್ತೆ ನನಗೆ ನಾಮ ಹಾಕಿದ ಹನುಮಂತ

ಮೊದಲೇ ಹೇಳಿಬಿಡುತ್ತೇನೆ, ಹಳೆ ನಾಣ್ಯಗಳಲ್ಲಿ ಟಿಪ್ಪುವಿನ ಆನೆಯೋ ಮೈಸೂರಿನ ಸಿಂಹವೋ ಅಂದರೆ ನನ್ನ ಓಟು ಸಿಂಹಕ್ಕೆ. ಎರಡು ವರ್ಷದಲ್ಲಿ ಮೂರು ತಾಮ್ರದ ನಾಣ್ಯ ಕೊಂಡೆ. ಮೂರಕ್ಕೂ ಸೇರಿ 2,500 ರೂಪಾಯಿ ಕೈಬಿಟ್ಟಿತು. ಅದರಲ್ಲಿ ಸಿಂಹಕ್ಕೆ ಕೊಟ್ಟಿದ್ದು ಬರೀ 400.

ಶುರುವಾಗಿದ್ದು ಹನುಮಂತನಿಂದ. ಮಡಿಕೇರಿಯ ಶುಕ್ರವಾರ ಸಂತೆಯಲ್ಲಿ ಒಬ್ಬ ಗೋಣಿಚೀಲ ಹಾಸಿಕೊಂಡು ಹಳೆ ಬೀಗ, ಗಂಟೆ, ನಾಣ್ಯ ಇಟ್ಟುಕೊಂಡು ಕೂತಿದ್ದ. ಒಂದು ದಪ್ಪ ನಾಣ್ಯದ ಮೇಲೆ ಸಂಜೀವಿನಿ ಬೆಟ್ಟ ಹೊತ್ತ ಹನುಮಂತ. ಹಿಂದೆ ಇಂಗ್ಲಿಷಿನಲ್ಲಿ ಈಸ್ಟ್ ಇಂಡಿಯಾ ಕಂಪನಿ, ಒಂದಾಣೆ, 1818. "ಬ್ರಿಟಿಷರೇ ಹೆದರಿ ಹಾಕಿಸಿದ್ದು ಸಾರ್, ಅಕ್ಕಿ ಹತ್ರ ಇಟ್ರೆ ಎಳ್ಕೊಳ್ಳುತ್ತೆ" ಅಂದ. ಅಕ್ಕಿ ಕಥೆ ನಾನು ನಂಬಲಿಲ್ಲ. ಉಳಿದದ್ದನ್ನು ನಂಬಿದೆ. 1,500 ಎಣಿಸಿ ಕೊಟ್ಟೆ.

ಕಂಪನಿ ಇಂಥ ನಾಣ್ಯ ಹೊಡೆಸಲೇ ಇಲ್ಲ. ಆ ಕಾಲದಲ್ಲಿ ಬಂಗಾಳ, ಬೊಂಬಾಯಿ, ಮದ್ರಾಸಿಗೆ ಬೇರೆ ಬೇರೆ ನಾಣ್ಯ ಇದ್ದವು. ಎಲ್ಲ ಕಡೆಗೂ ಒಂದೇ ನಾಣ್ಯ ಅಂತ ಬಂದಿದ್ದು 1835ರಲ್ಲಿ. ಕಂಪನಿ ಹೊಡೆಸಿದ ನಾಣ್ಯಗಳ ಮೇಲೆ ಇರುತ್ತಿದ್ದದ್ದು ಅದರ ಲಾಂಛನ, ಬೊಂಬಾಯಿಯ ತಾಮ್ರದ ಕಾಸಿನ ಮೇಲೆ ತಕ್ಕಡಿ, ಇಂಥವು. ಹನುಮಂತನೇ ಬೇಕು ಅಂದರೆ ವಿಜಯನಗರದ ಹರಿಹರ, ಬುಕ್ಕರ ಕಾಲದ ನಾಣ್ಯ ಹುಡುಕಬೇಕು. ಅದು ನನ್ನ ಜೇಬಿನ ಮಾತಲ್ಲ. ನನ್ನ ಕೈಯಲ್ಲಿದ್ದ ಹನುಮಂತನ ಗದೆಯ ಅಂಚು ಎಷ್ಟು ಮೊಂಡಾಗಿತ್ತು ಅಂದರೆ, ಅಚ್ಚು ಹೊಡೆದದ್ದಲ್ಲ, ಎರಕ ಹೊಯ್ದದ್ದು ಅಂತ ಈಗ ಯಾರು ನೋಡಿದರೂ ಹೇಳಬಹುದು. ಅವತ್ತು ಗೊತ್ತಾಗಬೇಕಿತ್ತಲ್ವಾ!

ಆಮೇಲೆ ಟಿಪ್ಪುವಿನ ಆನೆ. ಇದು ಮೈಸೂರಿನ ವ್ಯಾಪಾರಿಯೊಬ್ಬರಿಂದ ಬಂದದ್ದು, 600 ರೂಪಾಯಿ. ಅಸಲಿ. ಸುಮಾರು 11 ಗ್ರಾಂ ತೂಗುವ ಒಂದು ಪೈಸೆ. ಟಿಪ್ಪು ತನ್ನ ತಾಮ್ರದ ನಾಣ್ಯಗಳಿಗೆ ಗ್ರಹ, ನಕ್ಷತ್ರಗಳ ಹೆಸರಿಟ್ಟಿದ್ದ. ಪೈಸೆಗೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ. ಹಿಂದೆ ಪಾರ್ಸಿಯಲ್ಲಿ ಟಂಕಸಾಲೆಯ ಹೆಸರು 'ಪಟನ್', ನಮ್ಮ ಶ್ರೀರಂಗಪಟ್ಟಣ.

ಆನೆ ಅಂದರೆ ಆನೆ ಅಷ್ಟೇ ಅಂದುಕೊಂಡಿದ್ದೆ. ಸಂಗ್ರಹಕಾರರು ನೋಡುವುದೇ ಬೇರೆ. ಆನೆ ಎಡಕ್ಕೆ ನೋಡುತ್ತಿದೆಯೋ ಬಲಕ್ಕೋ, ಬಾಲ ಮೇಲೋ ಕೆಳಗೋ, ಬೆನ್ನ ಮೇಲೆ ಬಾವುಟ ಇದೆಯೋ, ತಲೆಯ ಮೇಲುಗಡೆ ಒಂದು ಅರಬ್ಬಿ ಅಕ್ಷರ ಇದೆಯೋ. ಆ ಅಕ್ಷರ ವರ್ಷದ ಗುರುತು. ಟಿಪ್ಪು ತನ್ನದೇ ಮೌಲೂದಿ ಶಕೆ ತಂದಿದ್ದ, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಶ್ರೀರಂಗಪಟ್ಟಣದ ಆನೆ ಬೇಕಾದಷ್ಟು ಸಿಗುತ್ತದೆ, ಅಪರೂಪದ ಟಂಕಸಾಲೆಯದಾದರೆ ರೇಟು ಎಲ್ಲಿಗೋ ಹೋಗುತ್ತದೆ. ಇನ್ನೊಂದು ತೊಂದರೆ. ಎಷ್ಟೋ ಸಲ ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಚಿಕ್ಕದು. ನನ್ನ ಆನೆಗೆ ಸೊಂಡಿಲಿದೆ, ಬಾಲ ಇಲ್ಲ. ಅದು ನಾಣ್ಯದಿಂದ ಆಚೆ ಉಳಿದುಬಿಟ್ಟಿದೆ.

ಅದನ್ನಾದರೂ ಸಹಿಸಬಹುದಿತ್ತು. ನಾನು ಮಾಡಿದ್ದು ಮಾತ್ರ ಸಹಿಸುವಂಥದ್ದಲ್ಲ.

ಜೂನ್ ಕಳೆಯುವಷ್ಟರಲ್ಲಿ ಆನೆಯ ಕಾಲಿನ ಹತ್ತಿರ ಹಸಿರು ಚುಕ್ಕೆ ಬಂತು. ಕೊಡಗಿನ ಮಳೆಗಾಲದಲ್ಲಿ ಬೀರುವಿನಲ್ಲಿರುವ ಬೆಲ್ಟಿಗೇ ಬೂಸ್ಟು ಬರುತ್ತದೆ, ಇನ್ನು ತಾಮ್ರಕ್ಕೆ ಕಿಲುಬು ಹಿಡಿಯದೆ ಇರುತ್ತದಾ? ವ್ಯಾಪಾರಿ ಕೊಟ್ಟ ಮೆತ್ತನೆ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟಿದ್ದೆ. ಅದರೊಳಗೆ ಬೆವರಿನ ಹಾಗೆ ನೀರು ಕೂತಿತ್ತು. ಅಡುಗೆಮನೆಗೆ ತಗೊಂಡು ಹೋದೆ. ಹುಣಸೆಹಣ್ಣು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದು ಕಾಚಂಪುಳಿ ಬಾಟ್ಲಿ.

ಕಾಚಂಪುಳಿ ಅಂದರೆ ನಮ್ಮ ಕೊಡಗಿನ ಹುಳಿರಸ, ಅತ್ತಿಗೆ ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಅಡುಗೆಗೆ ಅಂತ ಇಟ್ಟಿದ್ದದ್ದು. ಕಪ್ಪಗೆ, ಮಂದಗೆ, ಮೂಸಿದರೇ ಹಲ್ಲು ಚುಳುಕ್ ಅನ್ನುವಂಥದ್ದು. ಒಂದು ಚಮಚ ಬಟ್ಟಲಿಗೆ ಹಾಕಿ, ನಾಣ್ಯ ಮುಳುಗಿಸಿ, ಫೋನ್ ಬಂತು ಅಂತ ಹೊರಗೆ ಹೋದೆ. ಕಣದಲ್ಲಿ ಮಾತಾಡುತ್ತಾ ಅರ್ಧ ಗಂಟೆ ಕಳೆಯಿತು. ಬಂದು ನೋಡಿದರೆ ಆನೆ ಸಾಲ್ಮನ್ ಮೀನಿನ ಮಾಂಸದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ಕೂತಿದ್ದ ಕಂದು ಪದರ ಪೂರ್ತಿ ಮಾಯ. ಆ ಪದರದ ಗಾಢ ಬಣ್ಣದಿಂದಲೇ ಆನೆಯ ಕಿವಿ, ದಂತ ಎದ್ದು ಕಾಣುತ್ತಿದ್ದವು. ಈಗ ಎಲ್ಲ ಒಂದೇ ಸಮ, ಬಲ್ಬಿನ ಕೆಳಗೆ ಓರೆ ಹಿಡಿದರೆ ಮಾತ್ರ ಆನೆ.

"ತಿಕ್ಕಿದ ಹಂಡೆ ಥರ ಚೆನ್ನಾಗೇ ಇದೆಯಲ್ಲ" ಅಂದರು ಅತ್ತಿಗೆ. ಫೋಟೋ ಕಳಿಸಿದಾಗ ವ್ಯಾಪಾರಿ ಹೇಳಿದ್ದು ಬೇರೆ: "ಇನ್ನು 150ಕ್ಕೆ ಯಾರಾದರೂ ತಗೊಂಡರೆ ನಿಮ್ಮ ಪುಣ್ಯ." ತೊಳೆದ ನಾಣ್ಯ ಸಂಗ್ರಹಕಾರರಿಗೆ ಬೇಡ. ಚಿಹ್ನೆ ಸ್ವಲ್ಪ ಸವೆದಿದ್ದರೂ ಪರವಾಗಿಲ್ಲ, ಹಳೇ ಬಣ್ಣ ಹಾಗೇ ಇರಬೇಕು. ಈಗ ಗಾಳಿಯಾಡದ ಡಬ್ಬಿಯಲ್ಲಿ, ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ. ಪೊಟ್ಟಣವನ್ನು ತಿಂಗಳಿಗೊಮ್ಮೆ ಒಲೆ ಪಕ್ಕ ಒಣಗಿಸುತ್ತೇನೆ.

ಇದೇ ಕಾರಣಕ್ಕೆ ನಮ್ಮ ಕೊಡಗಿನ ಮನೆಗಳಲ್ಲಿರುವ ಪತ್ತಾಕ್, ಅಂದರೆ ಚಿನ್ನದ ನಾಣ್ಯ ಬೆಸೆದ ಪದಕದ ಬಗ್ಗೆ ಯಾರಾದರೂ "ವಿಕ್ಟೋರಿಯಾ ಪವನ್ ಇದೆ, ಎಷ್ಟು ಸಿಗುತ್ತೆ" ಅಂತ ಕೇಳಿದರೆ ಸುಮ್ನೆ ನಗುತ್ತೇನೆ. ಬೆಸುಗೆ ಬಿದ್ದ ನಾಣ್ಯಕ್ಕೆ ಚಿನ್ನದ ರೇಟು, ಅಷ್ಟೇ. ಮೇಲಿನ ಹಾವಿನ ಹೆಡೆಗೆ ಮನೆಯವರು ಕಟ್ಟುವ ಬೆಲೆ ಬೇರೆ.

ಕೊನೆಗೆ ಸಿಂಹ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 20 ಕಾಸು. ಚಾಮುಂಡಿಯ ವಾಹನ, ಮುಂಗಾಲು ಎತ್ತಿ ನಿಂತಿದೆ. ಮೇಲೆ ಕನ್ನಡದಲ್ಲಿ 'ಚಾಮುಂಡಿ'. ಇಂಗ್ಲಿಷಿನಲ್ಲಿ ರೋಮನ್ ಅಂಕಿ ಹಾಕಿ ಬೆಲೆ, ಕನ್ನಡದಲ್ಲಿ 'ಮಯಿಲಿ ಕಾಸು'. 1831ರಲ್ಲಿ ಬ್ರಿಟಿಷರು ಆಡಳಿತ ಕಸಿದುಕೊಂಡ ಮೇಲೂ ಕಾಸಿನ ಮೇಲೆ ಚಾಮುಂಡಿ ಉಳಿದಳು, ಅದು ನನಗೆ ಇಷ್ಟ. ಇದೇ ಅರಸರ ಆನೆ ಕಾಸೂ ಇದೆ, ಆನೆಯ ಮೇಲೆ ಸೂರ್ಯ, ಚಂದ್ರ.

ಟಿಪ್ಪುವಿನ ಆನೆಯಲ್ಲಿ ಕೆತ್ತನೆ ಜಾಸ್ತಿ ಜೀವಂತ, ಒಪ್ಪುತ್ತೇನೆ. ಮುಂದೆ ಮಾರುವ ಯೋಚನೆ ಇದ್ದವರು ಅದನ್ನೇ ತಗೊಳ್ಳಿ. ನನಗೆ ಪಾರ್ಸಿ ಬರುವುದಿಲ್ಲ, ಪ್ರತಿ ಸಲ ಪುಸ್ತಕ ತೆಗೆಯಬೇಕು. ಸಿಂಹವನ್ನು ರಾತ್ರಿ ಊಟ ಆದ ಮೇಲೆ ಅಂಗೈಯಲ್ಲಿಟ್ಟು ಬೆರಳಾಡಿಸಿದರೆ 'ಚಾ' ಸಿಗುತ್ತದೆ. ನಾನು ನಾಣ್ಯ ಕೊಳ್ಳುವುದು ಕಾಳುಮೆಣಸು ಮಾರಿದ ಮೇಲೆ ಉಳಿಯುವ ಚಿಲ್ಲರೆಯಲ್ಲಿ. ಈ ಸಲ ಬೆಲೆ ನಿಂತರೆ ಸೂರ್ಯ ಚಂದ್ರರ ಆನೆ ತಗೊಳ್ಳುತ್ತೇನೆ, ಬಾಲ ಇರುವುದು.

ಹನುಮಂತನನ್ನು ಎಸೆಯೋಣ ಅಂತಿದ್ದೆ. ಅಮ್ಮ ಬಿಡಲಿಲ್ಲ. ಈಗ ದೇವರ ಕೋಣೆಯಲ್ಲಿದ್ದಾನೆ, ಕುಂಕುಮ ಮೆತ್ತಿ ಮೆತ್ತಿ 1818 ಕಾಣುವುದಿಲ್ಲ.