ನಾಟಕಕ್ಕೆ ಐದರಲ್ಲಿ ನಾಲ್ಕು, ಟಿಕೆಟ್ ವ್ಯವಸ್ಥೆಗೆ ಒಂದೇ ಒಂದು

ಫೆಬ್ರವರಿಯ ಹಾಫ್ ಟರ್ಮ್ ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಅಂತ ತಲೆ ಕೆಡಿಸಿಕೊಳ್ಳುವ ಇಂಗ್ಲೆಂಡಿನ ಕನ್ನಡಿಗರಿಗೆ ಈ ರಿವ್ಯೂ. ಲೀಡ್ಸ್ ಕಡೆಯ ಒಂದು ಚಿಕ್ಕ ಥಿಯೇಟರಿನಲ್ಲಿ ಮಕ್ಕಳ ನಾಟಕ ನೋಡಿ ಬಂದೆವು. ಥಿಯೇಟರ್ ಹೆಸರು ಬೇಡ, ಬೈಯುವುದೂ ಇದೆ. ನಾಟಕವನ್ನು ಕಟ್ಟಿದ್ದು ಯಂಗ್ ಕೇರರ್ಸ್ ಜೊತೆ ಸೇರಿ. ಅಂದರೆ ಮನೆಯಲ್ಲಿ ಕಾಯಿಲೆಯ ಅಪ್ಪ, ಅಮ್ಮನನ್ನೋ ಅಂಗವಿಕಲ ತಮ್ಮನನ್ನೋ ನೋಡಿಕೊಳ್ಳುವ ಮಕ್ಕಳು. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡಿನಲ್ಲಿ 5ರಿಂದ 17 ವರ್ಷದ ಇಂಥವರು ಸುಮಾರು 1,20,000. ಆದರೆ 2023ರಲ್ಲಿ ಶಾಲೆಗಳು ಮೊದಲ ಸಲ ಲೆಕ್ಕ ಕೊಟ್ಟಾಗ ಸಿಕ್ಕಿದ್ದು 39,000ದ ಆಸುಪಾಸು. ಉಳಿದವರು ಹೇಳಿಕೊಂಡಿಲ್ಲ, ಇಲ್ಲವೇ ಯಾರೂ ಕೇಳಿಲ್ಲ. ಹೇಳಿದರೆ ಸೋಷಿಯಲ್ ಸರ್ವೀಸಸ್‌ನವರು (ಮಕ್ಕಳ ಸುರಕ್ಷತೆ ನೋಡುವ ಸರ್ಕಾರಿ ಇಲಾಖೆಯವರು) ಬಂದು ಅಮ್ಮನಿಂದ ದೂರ ಮಾಡಿಬಿಟ್ಟರೆ ಅನ್ನುವ ಭಯ ಬೇರೆ.

ಇಷ್ಟು ಕೇಳಿದ ಮೇಲೆ ಗೋಳಿನ ನಾಟಕ ಅಂದುಕೊಂಡೇ ಹೋಗಿದ್ದೆ. ಅಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು.

ನಾಟಕದಲ್ಲಿ ಹತ್ತು ವರ್ಷದ ಹುಡುಗಿ, ಅಮ್ಮನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ. ಒಂದು ದಿನ ಆರಾಮಾಗಿ ಓಡಾಡುತ್ತಾರೆ, ಮರುದಿನ ಹಾಸಿಗೆಯಿಂದ ಏಳಲು ಆಗುವುದಿಲ್ಲ. "ನಿನ್ನೆ ಟೆಸ್ಕೋದಲ್ಲಿ ನೋಡಿದೆ, ಚೆನ್ನಾಗೇ ಇದ್ದರಲ್ಲ" ಅನ್ನುವ ಪಕ್ಕದ ಮನೆಯವರು ಇಲ್ಲೂ ಇದ್ದಾರೆ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಜಿಪಿ ಸರ್ಜರಿಗೆ, ಅಂದರೆ ನಮ್ಮ ಏರಿಯಾದ ಡಾಕ್ಟರ ಕ್ಲಿನಿಕ್ಕಿಗೆ, ಫೋನ್ ಹಚ್ಚುವ ಪಾಡು ಇಲ್ಲಿರುವವರಿಗೆಲ್ಲ ಗೊತ್ತಲ್ವಾ? ಈ ಹುಡುಗಿ ಅಮ್ಮನ ದನಿ ಮಾಡಿಕೊಂಡು ಫೋನ್ ಮಾಡುತ್ತಾಳೆ, ಕಾಯಲು ಹಾಕುವ ಆ ಹಾಳು ಸಂಗೀತಕ್ಕೆ ಕುಣಿಯುತ್ತಲೇ ಟೋಸ್ಟ್ ಮಾಡಿ, ಜಡೆ ಹಾಕಿಕೊಂಡು, ಒಂದು ಶೂ ಸಿಗದೆ ಹುಡುಕುತ್ತಾ ಇರುವಾಗ ರಿಸೆಪ್ಷನಿಸ್ಟ್ ಲೈನಿಗೆ ಬರುತ್ತಾಳೆ, ದನಿ ಕೈಕೊಡುತ್ತದೆ. ವಾರದ ಮಾತ್ರೆ ಡಬ್ಬಿಯ ಏಳು ಮುಚ್ಚಳ ಟಕಟಕ ತೆಗೆದು ಮುಚ್ಚುವ ಸದ್ದೇ ಹಾಡಿಗೆ ತಾಳ. ದೊಡ್ಡವರು ಸುಮ್ನೆ ಕೂತು ಯೋಚಿಸಿದರೆ ಇದೆಲ್ಲ ಹೊಳೆಯುವುದಿಲ್ಲ.

ನಾಟಕ ಮುಗಿದ ಮೇಲೆ ನಿರ್ದೇಶಕಿ ಕೂತು ಮಾತಾಡಿದರು. ನನಗೆ ನಾಟಕಕ್ಕಿಂತ ಅದೇ ಜಾಸ್ತಿ ಇಷ್ಟವಾಯಿತು. ಅವರು ಯಾವ ಮಗುವಿಗೂ ನಿನ್ನ ಮನೆ ಕಥೆ ಹೇಳು ಅಂತ ಕೇಳಲಿಲ್ಲವಂತೆ. ಮೊದಲು ಎಲ್ಲರೂ ಸೇರಿ ಒಬ್ಬ ಹುಡುಗಿಯನ್ನು ಹುಟ್ಟಿಸಿಕೊಂಡರು, ಆಮೇಲೆ "ಇವಳು ಈಗ ಏನು ಮಾಡುತ್ತಾಳೆ" ಅಂತ ಮಾತ್ರ ಕೇಳಿದರು. ಹಾಗಾಗಿ ಯಾರ ಮನೆಯ ಗುಟ್ಟೂ ಹೊರಬೀಳಲಿಲ್ಲ, ಆದರೆ ಎಲ್ಲರ ಮನೆಯ ಸಂಗತಿಯೂ ಒಳಗೆ ಬಂತು. ಶಾಲೆ ಬಿಟ್ಟ ಮೇಲೆ ತಾಲೀಮು, ಬಂದ ತಕ್ಷಣ ಹೊಟ್ಟೆಗೆ ಏನಾದರೂ, ವಾಪಸ್ ಹೋಗಲು ಟ್ಯಾಕ್ಸಿ. ಫೋನ್ ಆಫ್ ಮಾಡಿ ಅಂತ ಯಾರೂ ಹೇಳುವಂತಿಲ್ಲ, ಮನೆಯಿಂದ ಕರೆ ಬರಬಹುದು. ಅರ್ಧಕ್ಕೇ ಎದ್ದು ಹೋದರೂ ಸರಿ, ಒಂದು ವಾರ ಬರದಿದ್ದರೂ ಸರಿ. ಸ್ಕ್ರಿಪ್ಟಿನಲ್ಲಿ ಬೇಡದ್ದನ್ನು ಹೊಡೆದುಹಾಕುವ ಹಕ್ಕು ಮಕ್ಕಳದ್ದೇ. ಹುಡುಗಿ ಕತ್ತಲಲ್ಲಿ ಒಬ್ಬಳೇ ಅಳುವ ದೃಶ್ಯ ಬರೆದಿದ್ದರಂತೆ, ಅದು ಹೋಯಿತು. ಕೊನೆಗೆ ಅಮ್ಮ ಹುಷಾರಾಗುವುದೂ ಹೋಯಿತು. ಯಾರೋ ಬಂದು "ನೀನೇ ಹೀರೋ" ಅಂತ ಬೆನ್ನು ತಟ್ಟುವುದಂತೂ ಮೊದಲೇ ಹೋಯಿತು.

ಮೈಸೂರಿನಲ್ಲಿ ರಂಗಾಯಣದ ಚಿನ್ನರ ಮೇಳ ನೋಡಿ ಬೆಳೆದವಳು ನಾನು, ಮಕ್ಕಳ ನಾಟಕ ಅಂದರೆ ಮೊದಲೇ ಆಸೆ. ನಮ್ಮ ಕಡೆ ಇಂಥ ಮಕ್ಕಳಿಗೇನು ಕಮ್ಮಿ? ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಶಾಲೆ ಬಾಗಿಲಲ್ಲಿ ನಿಂತ ಹುಡುಗಿಯನ್ನು ನೋಡದವರು ಯಾರು? ಅವಳ ಕೈಗೂ ಒಂದು ಸ್ಕ್ರಿಪ್ಟ್, ಒಂದು ಕೆಂಪು ಪೆನ್ನು ಕೊಟ್ಟರೆ ಏನೇನು ಹೊಡೆದುಹಾಕುತ್ತಾಳೋ.

ಒಂದು ಅಂಕ ಕಳೆದಿದ್ದು ಏಕೆ ಅಂದರೆ ಕೊನೆಯ ಹತ್ತು ನಿಮಿಷಕ್ಕೆ. ಟೀಚರ್ ಪಾತ್ರ ಬಂದು, 2014ರ ಕಾಯ್ದೆಯ ಪ್ರಕಾರ ಕೌನ್ಸಿಲ್‌ನವರು (ಸ್ಥಳೀಯ ಆಡಳಿತದವರು) ನಿನ್ನ ಅಗತ್ಯ ಏನು ಅಂತ ವಿಚಾರಿಸಲೇಬೇಕು ಅಂತ ಪಾಠ ಓದುತ್ತಾರೆ. ವಿಷಯ ನಿಜ, ಬೇಕಾದದ್ದೇ, ಆದರೆ ಅದನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲಲ್ಲಿ ಕೊಡಬಹುದಿತ್ತು. ನನ್ನ ಮಗ ಅಲ್ಲೇ ಆಕಳಿಸಿದ.

ಈಗ ಟಿಕೆಟ್. ಆನ್‌ಲೈನಿನಲ್ಲಿ ತೆಗೆದರೆ ದುಡ್ಡು ವಾಪಸ್ ಇಲ್ಲ, ಬೇರೆ ಶೋಗೆ ಬದಲಾಯಿಸಬೇಕು ಅಂದರೆ 48 ಗಂಟೆ ಮುಂಚೆ ಹೇಳಬೇಕು. ನಮ್ಮ ಜೊತೆ ಬರಬೇಕಿದ್ದ ಹುಡುಗಿಯೊಬ್ಬಳು ಇಂಥದ್ದೇ ಮನೆಯವಳು. ಅವತ್ತು ಬೆಳಿಗ್ಗೆ ಅವಳ ಅಮ್ಮನಿಗೆ ಏಳಲಾಗಲಿಲ್ಲ, ಬರಲಿಲ್ಲ, ದುಡ್ಡು ಹೋಯಿತು. ಅಂಗವಿಕಲರು ಜೊತೆಯಲ್ಲಿ ಬಂದರೆ ಅವರನ್ನು ನೋಡಿಕೊಳ್ಳುವವರಿಗೆ ಒಂದು ಟಿಕೆಟ್ ಫ್ರೀ, ಅದು ಒಳ್ಳೆಯದೇ. ಆದರೆ ನೋಡಿಕೊಳ್ಳುವ ಮಗು ಒಂದೇ ಬರಬೇಕು ಅಂದರೆ ಯಾವ ಅನುಕೂಲವೂ ಇಲ್ಲ. ತಾಲೀಮಿಗೆ "ಯಾವಾಗ ಬೇಕಾದರೂ ಎದ್ದು ಹೋಗು" ಅಂದವರು, ನಾಟಕ ನೋಡಲು ಬರುವಾಗ ಎರಡು ದಿನ ಮುಂಚೆ ನೋಟೀಸ್ ಕೊಡು ಅನ್ನುತ್ತಾರೆ! ಈಮೇಲ್ ಹಾಕಿದೆ. "ಇದು ನಮ್ಮ ಪಾಲಿಸಿ" ಅಂತ ಎರಡು ಸಾಲಿನ ಉತ್ತರ ಬಂತು.

ಹೋಗುವವರಿಗೆ: ಏಳು ವರ್ಷದ ಮೇಲಿನವರಿಗೆ ಸರಿ, ಚಿಕ್ಕವರಿಗೆ ಜಿಪಿ ಜೋಕು ಅರ್ಥವಾಗುವುದಿಲ್ಲ. ಮುಂದಿನ ಮೂರು ಸಾಲಿನಲ್ಲಿ ಕೂರಿ, ಹಿಂದಿನಿಂದ ಮಾತ್ರೆ ಡಬ್ಬಿ ಕಾಣಿಸುವುದಿಲ್ಲ. ಟಿಕೆಟ್ ಮುಂಚೆ ತೆಗೆಯಬೇಡಿ, ನಾವು ಹೋದ ದಿನ ಬಾಗಿಲಲ್ಲೇ ಬೇಕಾದಷ್ಟು ಸಿಗುತ್ತಿತ್ತು. ತಿಂಡಿ ಮನೆಯಿಂದಲೇ ಕಟ್ಟಿಕೊಂಡು ಹೋಗಿ, ಅಲ್ಲಿ ಸಿಗುವುದು ಸಪ್ಪೆ ಸ್ಯಾಂಡ್‌ವಿಚ್ ಮಾತ್ರ.