ಗಡ್ಡೆ ತೆಗೆಸಿದ ನಾಯಿಗೆ ಏನು ಕೊಳ್ಳಬೇಕು? ಕರಾವಳಿಯ ಮಳೆಗಾಲಕ್ಕೆ ತಕ್ಕ ವಿಮರ್ಶೆ

ನಾಯಿಗೆ ಕ್ಯಾನ್ಸರ್ ಅಂತ ಡಾಕ್ಟರ್ ಹೇಳಿದ ರಾತ್ರಿಯೇ ಮನೆಯವರು ಮೊಬೈಲ್ ಹಿಡಿದು ಸಾಮಾನು ತರಿಸೋಕೆ ಶುರು ಮಾಡುತ್ತಾರೆ. ಗಾಯ ಮುಚ್ಚುವಂತೆ ಮೈಗೆ ತೊಡಿಸುವ ರಿಕವರಿ ಸೂಟು, ಗಾಳಿ ತುಂಬುವ ಕಾಲರ್, ಮೆತ್ತನೆಯ ಹಾಸಿಗೆ, ಯಾವುದೋ ಹಸಿರು ಪುಡಿ. ಅದರಲ್ಲಿ ಅರ್ಧಕ್ಕರ್ಧ ನಮ್ಮ ಕಡೆ ಉಪಯೋಗಕ್ಕೆ ಬರುವುದಿಲ್ಲ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಘಟ್ಟ ಹತ್ತಿ ಶಿರಸಿಗೆ ಹೋದರೂ ಕಥೆ ಅದೇ, ಮೇಲಿಂದ ಕೊಟ್ಟಿಗೆಯ ನೊಣ. ಆದ್ದರಿಂದ ಇಲ್ಲಿ ಪ್ರತಿ ಸಾಮಾನಿಗೂ ಮೂರೇ ಪ್ರಶ್ನೆ: ನಾಯಿ ಗಾಯ ನೆಕ್ಕುವುದನ್ನು ಅದು ತಡೆಯುತ್ತದೆಯೇ, ಗಾಯವನ್ನು ಒಣಗಿಸಿಡುತ್ತದೆಯೇ, ನೊಣವನ್ನು ದೂರ ಇಡುತ್ತದೆಯೇ?

ಹೆಣ್ಣು ನಾಯಿಗಳಲ್ಲಿ ಹೆಚ್ಚು ಕಾಣುವುದು ಮೊಲೆಯ ಗಡ್ಡೆ, ಅದರಲ್ಲೂ ಸಂತಾನಹರಣ ಮಾಡಿಸದ ನಾಯಿಗಳಲ್ಲಿ. ಸುಮಾರು ಅರ್ಧದಷ್ಟು ಗಡ್ಡೆಗಳು ಕೆಟ್ಟ ಜಾತಿಯವು, ಅಂದರೆ ಕ್ಯಾನ್ಸರ್. ಗಡ್ಡೆ 3 ಸೆಂ.ಮೀ. ದಾಟುವ ಮೊದಲೇ ತೆಗೆಸಿದರೆ ಫಲ ಚೆನ್ನಾಗಿರುತ್ತದೆ. ಆಪರೇಷನ್‌ಗೆ ಮುಂಚೆ ಎದೆಯ ಎಕ್ಸ್‌ರೇ ಆಗಲೇಬೇಕು. ಎಡಕ್ಕೆ, ಬಲಕ್ಕೆ, ಬೆನ್ನಿನ ಮೇಲೆ ಮಲಗಿಸಿ ಹೀಗೆ ಮೂರು ಭಂಗಿಯಲ್ಲಿ. ಶ್ವಾಸಕೋಶಕ್ಕೆ ಹಬ್ಬಿದ ಮೇಲೆ ಹೊಟ್ಟೆಯ ಗಡ್ಡೆ ಕೊಯ್ದು ನಾಯಿಗೆ ಆಗುವ ಲಾಭ ಕಡಿಮೆ.

ಇನ್ನು ಸಾಮಾನು. ಮೊದಲು ಕೋನ್, ಅಂದರೆ ಗಾಯಕ್ಕೆ ಬಾಯಿ ತಾಗದಂತೆ ನಾಯಿಯ ಕತ್ತಿಗೆ ಹಾಕುವ ಲಾಳಿಕೆಯಂಥ ಪಟ್ಟಿ, ಯಾಕೆಂದರೆ ಹೊಲಿಗೆ ಬಿಚ್ಚುವುದಕ್ಕೆ ಮುಖ್ಯ ಕಾರಣ ನಾಯಿಯ ನಾಲಿಗೆ. ಗಟ್ಟಿ ಪ್ಲಾಸ್ಟಿಕ್ಕಿನ ಸಾದಾ ಕೋನಿಗೆ ಇಲ್ಲಿ ಮೊದಲ ಸ್ಥಾನ. ನೋಡಲು ಚೆಂದವಿಲ್ಲ, ನಾಯಿಗೂ ಇಷ್ಟವಿಲ್ಲ, ಆದರೆ ನೀರು ಹೊಡೆದು ಒರೆಸಿದರೆ ಆಯಿತು, ಒಣಗಿಸುವ ಗೋಜಿಲ್ಲ. ಪೊಟ್ಟಣದ ಮೇಲಿನ ಒಂದು, ಎರಡು, ಮೂರು ಎಂಬ ಸೈಜನ್ನು ನಂಬಬೇಡಿ, ಒಂದೊಂದು ಕಂಪನಿಗೆ ಒಂದೊಂದು ಅಳತೆ. ದರ್ಜಿಯ ಟೇಪು ತಂದು ಎರಡು ಅಳತೆ ತೆಗೆದುಕೊಳ್ಳಿ: ಕತ್ತಿನ ಸುತ್ತಳತೆ, ಮತ್ತು ಕತ್ತಿನ ಪಟ್ಟಿಯಿಂದ ಮೂಗಿನ ತುದಿವರೆಗಿನ ಉದ್ದ. ಕೋನು ಮೂಗಿನಿಂದ ಮುಂದೆ ಕನಿಷ್ಠ 3 ಸೆಂ.ಮೀ. ಚಾಚಿರಬೇಕು. ಹಿಂಗಾಲಿನ ಸಂದಿಯ ಕೊನೆಯ ಜೋಡಿ ಮೊಲೆಯ ಬಳಿ ಹೊಲಿಗೆ ಇದ್ದರೆ 5 ಸೆಂ.ಮೀ. ಬೇಕು, ಯಾಕೆಂದರೆ ನಾಯಿ ಸುರುಳಿ ಸುತ್ತಿ ಮಲಗಿದಾಗ ಮೂತಿ ನೇರ ಅಲ್ಲಿಗೇ ಬರುತ್ತದೆ. ಕತ್ತಿನಲ್ಲಿ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಅದಕ್ಕಿಂತ ಸಡಿಲವಾದರೆ ಮುಂಗಾಲಿನಿಂದ ತಳ್ಳಿ ಕಿತ್ತು ಹಾಕುತ್ತದೆ.

ಇದರಲ್ಲೂ ದೋಷಗಳಿವೆ. ಒಳ ಅಂಚು ಕತ್ತನ್ನು ಉಜ್ಜುತ್ತದೆ, ಬೆವರು ಕೂತು ಎರಡೇ ದಿನಕ್ಕೆ ಚರ್ಮ ಕೆಂಪಾಗುತ್ತದೆ. ಅಂಚಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿ, ದಿನಕ್ಕೊಮ್ಮೆ ಬದಲಿಸಿ. ವೆಲ್ಕ್ರೊ ಇರುವ ಕೋನು ಸಮುದ್ರದ ಬದಿಯವರಿಗೆ ಬೇಡವೇ ಬೇಡ. ಮರಳು, ಕೂದಲು ಸಿಕ್ಕಿಕೊಂಡರೆ ವಾರದೊಳಗೆ ಅಂಟುವುದು ನಿಲ್ಲುತ್ತದೆ. ಗುಂಡಿ ಹಾಕುವ ಅಥವಾ ಪಟ್ಟಿ ತೂರಿಸುವ ನಮೂನೆ ಕೊಳ್ಳಿ. ಹಳೆಯ ಮನೆಗಳ ಹೊಸ್ತಿಲು ಎತ್ತರ, ಕೋನಿನ ಕೆಳ ಅಂಚು ಅದಕ್ಕೆ ತಗಲಿ ನಾಯಿ ಮುಗ್ಗರಿಸುತ್ತದೆ, ಹಾಗಾಗಿ ಜಗುಲಿಯಲ್ಲೇ ಒಂದು ಮೂಲೆ ಮಾಡಿಕೊಡುವುದು ಒಳ್ಳೆಯದು. ಊಟದ ಬಟ್ಟಲು ಕೋನಿನ ಬಾಯಿಗಿಂತ ಚಿಕ್ಕದಿದ್ದು, ಒಂದು ಮಣೆಯ ಮೇಲೆ ಕೂತಿದ್ದರೆ ಕೋನು ತೆಗೆಯದೆಯೇ ತಿನ್ನಬಹುದು. "ಊಟಕ್ಕೆ ಐದು ನಿಮಿಷ ತೆಗೆದಿದ್ವಿ, ಅಷ್ಟರಲ್ಲೇ ಹೊಲಿಗೆ ಕಿತ್ತುಕೊಂಡಿತು" ಎಂಬ ಮಾತು ಎಲ್ಲ ಡಾಕ್ಟರುಗಳಿಗೂ ಬಾಯಿಪಾಠ. ಹೊಲಿಗೆ ಬಿಚ್ಚುವವರೆಗೆ, ಅಂದರೆ 10ರಿಂದ 14 ದಿನ, ಕೋನು ಕತ್ತಿನಲ್ಲೇ ಇರಬೇಕು.

ಗಾಳಿ ತುಂಬುವ ಟ್ಯೂಬ್ ಕಾಲರ್ ಹೊಟ್ಟೆಯ ಗಾಯಕ್ಕೆ ದಂಡ. ಉದ್ದ ಮೂತಿಯ ಊರ ನಾಯಿ ಅದರ ಮೇಲಿಂದಲೇ ಬಗ್ಗಿ ನೆಕ್ಕುತ್ತದೆ.

ರಿಕವರಿ ಸೂಟಿನ ಮಾತು ಸ್ವಲ್ಪ ಬೇರೆ. ಚಳಿಗಾಲದಲ್ಲಿ ಒಳ್ಳೆಯ ವಸ್ತು. ಮಳೆಗಾಲದಲ್ಲಿ ಉಚ್ಚೆ ತಗಲಿ ಒದ್ದೆಯಾದರೆ ಆ ಒದ್ದೆ ಹೊಲಿಗೆಗೇ ಅಂಟಿಕೊಂಡು ಕೂರುತ್ತದೆ, ಕೀವಿಗೆ ಅದೇ ದಾರಿ. ಕೊಳ್ಳುವುದಾದರೆ ಒಂದಲ್ಲ, ಮೂರು ಬೇಕು: ಮೈಮೇಲೊಂದು, ಒಗೆದದ್ದೊಂದು, ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗುತ್ತಿರುವುದೊಂದು. ಆ ದುಡ್ಡಿಗೆ ಮನೆಯ ಹಳೇ ಹತ್ತಿ ಬನಿಯನ್ ಸಾಕು. ತೋಳಿನ ತೂತಿಗೆ ಮುಂಗಾಲು ತೂರಿಸಿ, ಹಿಂಭಾಗವನ್ನು ಬಾಲದ ಮೇಲ್ಗಡೆ ಸೊಂಟದ ಹತ್ತಿರ ಗಂಟು ಹಾಕಿ. ಗಂಟು ಬೆನ್ನಿನ ಮೇಲಿರಲಿ, ಹೊಟ್ಟೆಯ ಕಡೆ ಬೇಡ. ಸೂಟಾಗಲಿ ಬನಿಯನ್ನಾಗಲಿ ಕೋನಿನ ಜೊತೆಗೆ, ಕೋನಿನ ಬದಲಿಗೆ ಅಲ್ಲ. ನಾಯಿ ಬಟ್ಟೆಯ ಮೇಲಿಂದಲೇ ನೆಕ್ಕಿ ಹಸಿ ಮಾಡುತ್ತದೆ.

ಗಾಯದ ಔಷಧದಲ್ಲಿ ಜನ ಎಡವುವುದು ಹೆಚ್ಚು. ಆಪರೇಷನ್ ಮಾಡಲಾಗದೆ ಒಡೆದ ಗಡ್ಡೆ ಇದ್ದರಂತೂ ನೊಣವೇ ದೊಡ್ಡ ಶತ್ರು. ಬೆಚ್ಚಗಿನ ಹವೆಯಲ್ಲಿ ನೊಣ ಇಟ್ಟ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ, ಆದ್ದರಿಂದ ಗಾಯವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಲೇಬೇಕು. ಸುತ್ತಲಿನ ಕೂದಲು ಕತ್ತರಿಸಿ. ತೊಳೆಯಲು ಮೆಡಿಕಲ್ ಸ್ಟೋರಿನ ನಾರ್ಮಲ್ ಸಲೈನ್ ಬಾಟಲಿ ಸಾಕು, ಅಗ್ಗ, ಉರಿಯೂ ಇಲ್ಲ. ಪೊವಿಡೋನ್ ಅಯೋಡಿನ್ ಹಾಕುವುದಾದರೆ ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುತ್ತದೆಂದು ದಿನಾ ಸುರಿಯುವವರಿದ್ದಾರೆ. ಅದು ಕೂಡುತ್ತಿರುವ ಮಾಂಸವನ್ನೂ ಸುಡುತ್ತದೆ. ಹುಳ ಬಿದ್ದಾಗ ಟರ್ಪೆಂಟೈನ್, ಹೊಗೆಸೊಪ್ಪು, ಕರ್ಪೂರದ ಎಣ್ಣೆ ಹಾಕುವ ರೂಢಿ ನಮ್ಮಲ್ಲಿ ಹಳೆಯದು. ಮೂರೂ ನಾಯಿ ನೆಕ್ಕಿದರೆ ವಿಷ, ಹೊಗೆಸೊಪ್ಪಿನ ನಿಕೋಟಿನ್ ಹಸಿ ಗಾಯದಿಂದಲೇ ಒಳಗಿಳಿಯುತ್ತದೆ. ಪಶು ಔಷಧದ ಅಂಗಡಿಯಲ್ಲಿ ಸಿಗುವ ಗಾಯದ ಸ್ಪ್ರೇಗಳು ನೊಣ ದೂರ ಇಡಲು ಪರವಾಗಿಲ್ಲ, ಆದರೆ ಗಾಯದ ಸುತ್ತ ಹೊಡೆಯಿರಿ, ಆಮೇಲೆ ಕೋನು ಇರಲೇಬೇಕು. ಹುಳ ಬಿದ್ದೇಬಿಟ್ಟಿದ್ದರೆ ಸ್ಪ್ರೇ ನೆಚ್ಚಿಕೊಂಡು ಕೂರಬೇಡಿ, ಚಿಮಟದಿಂದ ಒಂದೊಂದಾಗಿ ತೆಗೆಸುವ ಕೆಲಸ ಡಾಕ್ಟರದ್ದು. ಚಿಕ್ಕ ನಾಯಿಗಾದರೆ ಮಕ್ಕಳ ಮೇಲೆ ಕವುಚುವ ಮಡಚು ಸೊಳ್ಳೆಪರದೆ ಬಹಳ ಚೆನ್ನಾಗಿ ನಡೆಯುತ್ತದೆ. ಇಡೀ ಪಟ್ಟಿಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಲಾಭ ಇದರದ್ದೇ.

ನೋವಿನ ಔಷಧಕ್ಕೆ ಬನ್ನಿ. ಮೆಲಾಕ್ಸಿಕಾಮ್ ನಾಯಿಗೆಂದೇ ಮಾಡಿದ ಸಿರಪ್ಪಾಗಿ ಸಿಗುತ್ತದೆ, ಸಾಮಾನ್ಯವಾಗಿ ಒಂದು ಮಿ.ಲೀ.ಗೆ 1.5 ಮಿ.ಗ್ರಾಂ. ವಾಡಿಕೆಯ ಪ್ರಮಾಣ ಮೊದಲ ದಿನ ಕಿಲೋಗೆ 0.2 ಮಿ.ಗ್ರಾಂ., ನಂತರ ದಿನಕ್ಕೊಮ್ಮೆ 0.1. ಅಂದರೆ 12 ಕಿಲೋ ನಾಯಿಗೆ ಎರಡನೇ ದಿನದಿಂದ 1.2 ಮಿ.ಗ್ರಾಂ., ಸಿರಪ್ಪಿನಲ್ಲಿ 0.8 ಮಿ.ಲೀ. ಮನುಷ್ಯರ ಮಾತ್ರೆ ಬರುವುದು 7.5 ಮತ್ತು 15 ಮಿ.ಗ್ರಾಂ.ನಲ್ಲಿ. ಚಿಕ್ಕ ಮಾತ್ರೆಯೇ ಈ ನಾಯಿಗೆ ಆರು ಪಟ್ಟು ಜಾಸ್ತಿ, ಅದನ್ನು ಚೂರು ಮಾಡಿ ಅಂದಾಜಿನಲ್ಲಿ ಕೊಡುವುದು ಜೂಜು. ಆದ್ದರಿಂದ ದುಬಾರಿಯಾದರೂ ಸಿರಪ್ಪೇ ಸರಿ. ಬಾಟಲಿ ಅಲ್ಲಾಡಿಸಿ, ಸೂಜಿಯಿಲ್ಲದ 1 ಮಿ.ಲೀ. ಸಿರಿಂಜಿನಲ್ಲಿ ಎಳೆದು, ಊಟದ ಜೊತೆಗೇ ಕೊಡಿ. ವಾಂತಿ, ಡಾಂಬರಿನಂಥ ಕಪ್ಪು ಮಲ ಕಂಡರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ನಡೆಯುತ್ತಿದ್ದರೆ ಮೆಲಾಕ್ಸಿಕಾಮ್ ಕೂಡದು, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ಹಾಲು ಕರೆಯುವ ಮನೆಗಳಿಗೆ ಒಂದು ಎಚ್ಚರಿಕೆ. ಕಪಾಟಿನಲ್ಲಿ ಉಳಿದ ದನದ ಬೋಲಸ್ (ದೊಡ್ಡ ಮಾತ್ರೆ) ಮೇಲೆ ಮೆಲಾಕ್ಸಿಕಾಮ್ ಎಂದು ಬರೆದಿರುವುದನ್ನು ನೋಡಿ ಮುರಿದು ಕೊಡಬೇಡಿ, ಅದರಲ್ಲಿ ಪ್ಯಾರಾಸಿಟಮಾಲ್ ಸೇರಿರುವುದುಂಟು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ನಾಯಿಗೆ ಅಪಾಯ. ನೋವಿಗೇ ಕೊಡುವ ಇನ್ನೊಂದು ಔಷಧ ಗಾಬಾಪೆಂಟಿನ್ ಬರೆದುಕೊಟ್ಟರೆ ಕ್ಯಾಪ್ಸೂಲೇ ತನ್ನಿ. ಮನುಷ್ಯರ ದ್ರವ ರೂಪದ ಔಷಧಕ್ಕೆ ಸಿಹಿಗೆಂದು ಜೈಲಿಟಾಲ್ ಸೇರಿಸಿದ್ದರೆ ಅದು ನಾಯಿಗೆ ವಿಷ.

ಇಷ್ಟೆಲ್ಲ ಲೆಕ್ಕ ಸರಿಯಾಗಬೇಕಾದರೆ ತೂಕ ಗೊತ್ತಿರಬೇಕು. ಅಡಿಕೆ ತೂಗುವ ಕಾಟಾ ಇರುವ ಮನೆಯವರು ಪುಣ್ಯವಂತರು. ಇಲ್ಲದವರು ಮನುಷ್ಯರ ತೂಕ ನೋಡುವ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ತಮ್ಮ ತೂಕ ಕಳೆಯಲಿ. ವಾರಕ್ಕೊಮ್ಮೆ ಬರೆದಿಡಿ, ಕ್ಯಾನ್ಸರ್ ನಾಯಿ ಕೂದಲ ಮರೆಯಲ್ಲಿ ಸದ್ದಿಲ್ಲದೆ ಸೊರಗುತ್ತದೆ.

ಬೀದಿ ಸುತ್ತುವ ನಾಯಿಗಳಲ್ಲಿ ಕಾಣುವ, ಕೂಡುವುದರಿಂದ ಹರಡುವ ಟಿ.ವಿ.ಟಿ. ಗಡ್ಡೆಗೆ ಚಾಕು ಬೇಡ, ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಸಾಕು. ವಾರಕ್ಕೊಂದರಂತೆ ಸಾಮಾನ್ಯವಾಗಿ 4ರಿಂದ 6 ವಾರ, ಹೆಚ್ಚಿನ ನಾಯಿಗಳು ಪೂರ್ತಿ ಗುಣವಾಗುತ್ತವೆ. ಕ್ಯಾನ್ಸರ್ ಔಷಧಗಳಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಫಲ ಕೊಡುವುದು ಅಪರೂಪ. ಔಷಧವನ್ನು ಹೊರಗಿನಿಂದ ನೀವೇ ತರಬೇಕಾದರೆ ಕೇಳಿ: 2ರಿಂದ 8 ಡಿಗ್ರಿಯಲ್ಲಿ, ಬೆಳಕು ಬೀಳದಂತೆ ಇಟ್ಟಿದ್ದೇ ಆಗಿರಬೇಕು. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವ ಊರಿನ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುವ ಬದಲು ಅದೇ ದಿನ ತರುವುದು ಮೇಲು. ಮೀನಿನ ಥರ್ಮಾಕೋಲ್ ಡಬ್ಬಿ ನಡೆಯುತ್ತದೆ, ಆದರೆ ಬಾಟಲಿಗೆ ಬರ್ಫ ತಾಗಬಾರದು, ಪೇಪರಿನಲ್ಲಿ ಸುತ್ತಿ ಮೇಲೆ ಇಡಿ. ಹೆಪ್ಪುಗಟ್ಟಿದರೆ ಕೆಟ್ಟಿತು. ಪ್ರತಿ ಸಲ ಮುಂಚೆ ರಕ್ತದ ಬಿಳಿಕಣ ಎಣಿಸಬೇಕು, 4000ಕ್ಕಿಂತ ಕೆಳಗಿದ್ದರೆ ವಾರ ಮುಂದೂಡುತ್ತಾರೆ. ರಕ್ತನಾಳಕ್ಕೆ ಕ್ಯಾನುಲಾ (ಸಣ್ಣ ಕೊಳವೆ) ಹಾಕಿಯೇ ಕೊಡಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ, ಒಂದು ಹನಿ ರಕ್ತನಾಳದ ಹೊರಗೆ ಸೋರಿದರೂ ಅಲ್ಲಿನ ಮಾಂಸ ಕೊಳೆತು ಉದುರುತ್ತದೆ. ಆಮೇಲಿನ ಮೂರು ದಿನ ಉಚ್ಚೆ, ಮಲ, ವಾಂತಿ ತೆಗೆಯಲು ನೈಟ್ರೈಲ್ ಕೈಗವಸು ಕಡ್ಡಾಯ, ಬಾವಿಯ ಹತ್ತಿರ ಕಟ್ಟಬೇಡಿ, ಬಸುರಿ ಬಾಣಂತಿಯರು ಆ ಕೆಲಸಕ್ಕೆ ಕೈ ಹಾಕಬಾರದು. ಬಿಳಿಕಣ ತೀರ ಇಳಿಯುವುದು ಸುಮಾರು ಐದರಿಂದ ಏಳನೇ ದಿನಕ್ಕೆ. ಗುದದಲ್ಲಿಟ್ಟ ಡಿಜಿಟಲ್ ಥರ್ಮಾಮೀಟರ್ 39.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾತ್ರಿಯಾದರೂ ಡಾಕ್ಟರನ್ನು ಎಬ್ಬಿಸಿ.

ಹಾಸಿಗೆಯಲ್ಲಿ ಫೋಮ್ ಬೇಡ. ಒಮ್ಮೆ ನೆನೆದರೆ ಚೌತಿ ಕಳೆದರೂ ವಾಸನೆ ಹೋಗದು. ನೆಲದಿಂದ ಒಂದು ಗೇಣು ಎತ್ತರದ ಕ್ಯಾನ್ವಾಸ್ ಮಂಚ, ಅದರ ಮೇಲೆ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವಂಥ ದಪ್ಪ ಕೌದಿ. ಎಲುಬು ಕಾಣುವಷ್ಟು ಸೊರಗಿದ ನಾಯಿಗೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ.

ಕ್ಯಾನ್ಸರ್ ವಾಸಿ ಮಾಡುವ ಪುಡಿ, ಲಕ್ಷ್ಮಣಫಲದ ಎಲೆಯ ಕಷಾಯ, ಅರಿಸಿನದ ಕ್ಯಾಪ್ಸೂಲು ಇವಕ್ಕೆ ಸೊನ್ನೆ ಅಂಕ. ಆ ದುಡ್ಡಿಗೆ ಮುಳ್ಳು ತೆಗೆದು ಬೇಯಿಸಿದ ಬಂಗುಡೆ ತನ್ನಿ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ, ಉಗುರುಬೆಚ್ಚಗೆ ಅನ್ನಕ್ಕೆ ಕಲಸಿ. ಬಿಸಿಯಾದರೆ ವಾಸನೆ ಏಳುತ್ತದೆ, ಬಾಯಿ ಕಟ್ಟಿದ ನಾಯಿಯೂ ಮೂಸುತ್ತದೆ. ಒಣಮೀನು ಬೇಡ, ಉಪ್ಪು ವಿಪರೀತ.

ಬಯಾಪ್ಸಿ ಸೇವೆಯನ್ನು, ಅಂದರೆ ಗಡ್ಡೆಯ ತುಂಡನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವುದನ್ನು ಮಾತ್ರ ತಪ್ಪಿಸಬೇಡಿ. ತೆಗೆದ ಗಡ್ಡೆಯನ್ನು ತಿಪ್ಪೆಗೆ ಹಾಕುವ ಮೊದಲು 10 ಶೇಕಡಾ ಫಾರ್ಮಲಿನ್ ಇರುವ ಅಗಲ ಬಾಯಿಯ ಡಬ್ಬಿ ಸಿದ್ಧವಿರಲಿ, ತುಂಡಿನ ಹತ್ತು ಪಟ್ಟು ದ್ರವ, ತುಂಡು ಒಂದು ಸೆಂ.ಮೀ.ಗಿಂತ ದಪ್ಪವಿರಬಾರದು, ಫ್ರೀಜರಿನಲ್ಲಿ ಇಡಲೇಬಾರದು. ಶಿವಮೊಗ್ಗದ ಮತ್ತು ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳಲ್ಲಿ ರೋಗಶಾಸ್ತ್ರ ವಿಭಾಗ ಇದೆ, ಕಳಿಸುವ ಮುಂಚೆ ನಿಮ್ಮ ಡಾಕ್ಟರಿಂದಲೇ ಮಾತಾಡಿಸಿ. ನಾಯಿಯನ್ನೇ ಒಯ್ಯುವುದಾದರೆ ಕರಾವಳಿಯವರಿಗೆ ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟದ ದಾರಿ, ಶಿರಸಿಯವರಿಗೆ ಸಿದ್ದಾಪುರ, ಸಾಗರದ ದಾರಿ. ತಿರುವಿನಲ್ಲಿ ವಾಂತಿಯಾಗುತ್ತದೆ, ಹೊರಡುವ ಮುಂಚೆ ಹೊಟ್ಟೆ ತುಂಬಿಸಬೇಡಿ.

ದುಡ್ಡಿಲ್ಲದೆ ಸಿಗುವ ಒಂದು ಸಾಧನವೂ ಇದೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಮಾಡಿದ ಅಂಕಪಟ್ಟಿ. ನೋವು, ಹಸಿವು, ನೀರಿನಂಶ, ಶುಚಿ, ಗೆಲುವು, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚೇ ಎಂಬುದು, ಹೀಗೆ ಏಳಕ್ಕೂ ಸೊನ್ನೆಯಿಂದ ಹತ್ತು ಅಂಕ. ಒಟ್ಟು 70ರಲ್ಲಿ 35 ದಾಟಿದ್ದರೆ ಆರೈಕೆ ಮುಂದುವರಿಸಬಹುದು. ಮನೆಯಲ್ಲಿ ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಿದರೆ ಹೆಚ್ಚು ನಿಜ ಬರುತ್ತದೆ. ಇದರ ಜೊತೆ ನಿದ್ದೆಯಲ್ಲಿ ಉಸಿರು ಎಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು, ದಿನದಿಂದ ದಿನಕ್ಕೆ ಏರಿ 40 ದಾಟಿದರೆ ಶ್ವಾಸಕೋಶದ ಕಡೆ ಅನುಮಾನ ಪಡಬೇಕು.

ಅಂಕ ಇಳಿಯುತ್ತಾ ಬಂದಾಗ ದಯಾಮರಣಕ್ಕೆ ಮನೆಗೇ ಬರುತ್ತಾರೆಯೇ ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಹಬ್ಬದ ರಜೆಯಲ್ಲಿ ಹುಡುಕಾಡುವುದು ಕಷ್ಟ. ಹೂಳುವುದು ತೋಟದಲ್ಲಾದರೆ ಬಾವಿಯಿಂದ ದೂರ, ಮಳೆಗಾಲದಲ್ಲಿ ಒರತೆ ಏಳದ ಎತ್ತರದ ಜಾಗದಲ್ಲಿ ನಾಲ್ಕು ಅಡಿ ಆಳದ ಗುಂಡಿ ತೆಗೆಸಿ. ಬಾರ್ಬಿಟ್ಯುರೇಟ್ ಔಷಧ ದೇಹದಲ್ಲಿ ಉಳಿದಿರುತ್ತದೆ, ನರಿಯೋ ಬೇರೆ ನಾಯಿಯೋ ಕೆದರಿ ತಿಂದರೆ ಅದಕ್ಕೂ ವಿಷ ಏರುತ್ತದೆ. ಮೇಲೆ ಕಲ್ಲು ಹೇರಿಸಿ.